ಟಿಪ್ಪು ಮಕ್ಕಳ ಒತ್ತೆ ಚಿತ್ರ: ಕಾರ್ನ್‌ವಾಲಿಸ್ ಯಾಕೆ ಇಷ್ಟು ಅಕ್ಕರೆಯವನು?

ಹಾಸನದ ಹುಡುಗಿ:
ಎಂ.ಎ. ಸೆಮಿನಾರ್‌ಗೆ 1792ರ ಚಿತ್ರಗಳನ್ನ ನೋಡ್ತಾ ಇದೀನಿ. ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆಗೆ ತಗೊಳ್ಳೋ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ರಜಕ್ಕೆ ಬಂದ ಮೊಮ್ಮಕ್ಕಳನ್ನ ಕರ್ಕೊಳ್ಳೋ ತಾತನ ಥರ ಕಾಣ್ತಾನೆ. ಲಂಡನ್ನಿನ ಜನ ಇದನ್ನ ನಂಬಿದ್ರಾ?

ಮಂಡ್ಯದ ಡ್ರಾಯಿಂಗ್ ಮೇಷ್ಟ್ರು:
ನಂಬೋ ಹಾಗೇ ಬರೆದಿದ್ರು ಕಣಮ್ಮ. ಇಂಗ್ಲಿಷರ ಎದುರು ಯುದ್ಧ ಸೋತು ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಮೇಲೆ 3 ಕೋಟಿ 30 ಲಕ್ಷ ರೂಪಾಯಿ ಒಪ್ಕೊಂಡ. ಆ ಬಾಬ್ತಿಗೆ ಅಡವಿಟ್ಟಿದ್ದು ಮಕ್ಕಳನ್ನ. ಚಿತ್ರದಲ್ಲಿ ಸಾಲದ ಮಾತು ಮಾಯ, ಕೈ ಹಿಡಿದ ಅಪ್ಪನಂಥ ದೊರೆ ಮಾತ್ರ ಉಳಿದ. ‘ಇವರಪ್ಪ ಕ್ರೂರಿ, ನಾವು ಸಾಕ್ತೀವಿ’ ಅನ್ನೋದು ಅದರ ತಾತ್ಪರ್ಯ.

ಇದನ್ನ ಬರೆದ ರಾಬರ್ಟ್ ಹೋಮ್ ಇಂಗ್ಲಿಷ್ ಸೈನ್ಯದ ಜೊತೆ ಬಂದಿದ್ದ ಚಿತ್ರಗಾರ. ಗುಂಪಿನ ತುದಿಯಲ್ಲಿ ತನ್ನನ್ನೂ ಬರ್ಕೊಂಡಿದಾನೆ, ಪತ್ರಕ್ಕೆ ಸಾಕ್ಷಿ ರುಜು ಹಾಕಿದಂಗೆ! ಮ್ಯಾಥರ್ ಬ್ರೌನ್ ಇಂಡಿಯಾಕ್ಕೆ ಕಾಲೇ ಇಡದೆ ಅದೇ ದೃಶ್ಯ ಬರೆದ. ಎರಡರಲ್ಲೂ ಅಕ್ಕರೆ ಒಂದೇ.

ಗಂಜಾಂ ಹೈದ:
ಮೇಷ್ಟ್ರೇ, ಟಿಪ್ಪುನೂ ಅದೇ ಮಾಡ್ಲಿಲ್ವಾ? ಶ್ರೀರಂಗಪಟ್ಟಣದಲ್ಲಿ ಅವನ ದರಿಯಾ ದೌಲತ್ ಅರಮನೆಯ ಗೋಡೆ ಚಿತ್ರ ನೋಡಿ.

ಮಂಡ್ಯದ ಡ್ರಾಯಿಂಗ್ ಮೇಷ್ಟ್ರು:
ಮಾಡಿದ, ಯಾರಿಲ್ಲ ಅಂದ್ರು? ಇಂಗ್ಲಿಷರು ಸೋತ 1780ರ ಪೊಳ್ಳಿಲೂರು ಯುದ್ಧ: ಅವರ ಕರ್ನಲ್ ಬೇಯ್ಲಿ ಪಲ್ಲಕ್ಕಿಯೊಳಗೆ ಮುದುರಿ ಕೂತಿದಾನೆ, ಸುತ್ತ ಕೆಂಪು ಕೋಟಿನವರು, ಮದ್ದಿನ ಬಂಡಿ ಸಿಡೀತಾ ಇದೆ. ಟಿಪ್ಪು ಕುದುರೆ ಮೇಲೆ ಗುಲಾಬಿ ಮೂಸ್ತಾ ಆರಾಮಾಗಿದಾನೆ. ಜಂಬ ಅಂದ್ರೆ ಜಂಬ.

ಆದ್ರೆ ಆ ಗೋಡೆ ಶ್ರೀರಂಗಪಟ್ಟಣ ಬಿಟ್ಟು ಕದಲಲಿಲ್ಲ. ಇಂಗ್ಲಿಷರ ಚಿತ್ರ ಅಚ್ಚಾಗಿ ಊರೂರು ಸುತ್ತಿತು. ಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಅನ್ನೋ ಹುಡುಗ ಲಂಡನ್ನಿನಲ್ಲಿ ಕೂತು ಸುಮಾರು 120 ಅಡಿ ಉದ್ದದ ಲಗ್ಗೆಯ ಚಿತ್ರ ಬರೆದ, ಟಿಕೆಟ್ ತಗೊಂಡು ಜನ ಮುಗಿಬಿದ್ರು. ಅವರ ಕಣ್ಣಲ್ಲಿ ಮೈಸೂರು ಸೀಮೆ ಅಂದ್ರೆ ಅದೇ. ಇನ್ನು ನಮ್ಮ ಗೋಡೆ? 1799ರ ಮೇಲೆ ಅಲ್ಲೇ ಬಿಡಾರ ಹೂಡಿದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ತಾವು ಸೋತ ಚಿತ್ರವನ್ನೇ ರಿಪೇರಿ ಮಾಡಿಸಿದ! ಗೆದ್ದವನಿಗೆ ಅಷ್ಟು ಧಾರಾಳ ಬಂದ್ಬಿಡ್ತದೆ.

ಸೆಮಿನಾರ್‌ಗೆ ಡೇವಿಡ್ ವಿಲ್ಕಿಯ 1839ರ ಚಿತ್ರನೂ ಹಾಕಮ್ಮ. ಮೇಲೆ 1799ರ ಲಗ್ಗೆ ನಡೆಸಿದ ಇಂಗ್ಲಿಷ್ ಸೇನಾನಿ ಬೇರ್ಡ್ ನಿಂತಿದಾನೆ, ಕೆಳಗೆ ಟಿಪ್ಪು ಹೆಣ, ಬೇರ್ಡ್ ಕಾಲಡಿ ಸೆರೆಮನೆಯ ಕಂಬಿ. ಪೊಳ್ಳಿಲೂರಲ್ಲಿ ಸಿಕ್ಕಿಬಿದ್ದು ಅವನು ಪಟ್ಟಣದಲ್ಲಿ ಸೆರೆಯಲ್ಲಿದ್ದವನು, ಆ ಲೆಕ್ಕ ತೀರಿಸಿದ ಕಥೆ ಅದು. ಬರೆಸಿದ್ದು ಅವನ ವಿಧವೆ.

ಹಾಸನದ ಹುಡುಗಿ:
ಥ್ಯಾಂಕ್ಸ್ ಸರ್. ಹೋಮ್ ಚಿತ್ರದ ಒಳ್ಳೇ ಪ್ರತಿ ಎಲ್ಲಿ ಸಿಗುತ್ತೆ?

ಮಂಡ್ಯದ ಡ್ರಾಯಿಂಗ್ ಮೇಷ್ಟ್ರು:
ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ಸಂಗ್ರಹದಲ್ಲಿದೆ, ಅವರ ವೆಬ್‌ಸೈಟ್ ನೋಡು. ಫೋನಲ್ಲಿ ಬೇಡ, ದೊಡ್ಡ ಸ್ಕ್ರೀನಲ್ಲಿ ನೋಡು.