ಮಗಳ ಜೊತೆ ಜಿಯೋಕ್ಯಾಶಿಂಗ್, ಡಿಸೆಂಬರಿನಲ್ಲಿ ಕುಮಾರಪರ್ವತ: ಕಡಿಮೆ ಬೆಲೆಯ ಜಿಪಿಎಸ್ ಯಾವುದು ತಗೊಳ್ಳಲಿ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಆರೆಗಾನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಹತ್ತಿರ. ಊರು ತೀರ್ಥಹಳ್ಳಿ. ಮೂರು ತಿಂಗಳಿಂದ ನನ್ನ ಹತ್ತು ವರ್ಷದ ಮಗಳಿಗೆ ಜಿಯೋಕ್ಯಾಶಿಂಗ್ ಹುಚ್ಚು ಹಿಡಿದಿದೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಯಾರೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕಿರುತ್ತಾರೆ. ನಾವು ಹುಡುಕಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಮತ್ತೆ ಅಲ್ಲೇ ಇಟ್ಟು ಬರಬೇಕು. ಈ ಆಟ ಹುಟ್ಟಿದ್ದೇ ನಮ್ಮ ಈ ಸೀಮೆಯಲ್ಲಿ. 2000ದ ಮೇ ತಿಂಗಳ ಶುರುವಿನಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಕೆಡಿಸುವುದನ್ನು ನಿಲ್ಲಿಸಿತು. ಅದಾಗಿ ಒಂದೆರಡು ದಿನಕ್ಕೇ, ಮೇ 3ರಂದು, ಡೇವ್ ಅಲ್ಮರ್ ಅನ್ನುವವರು ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು ಅದರ ಜಾಗವನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಅದರೊಳಗೆ ಬೇರೆ ಸಾಮಾನಿನ ಜೊತೆ ಒಂದು ಬೀನ್ಸ್ ಡಬ್ಬವೂ ಇತ್ತು. ಈಗ ಆ ಜಾಗದಲ್ಲಿ ಒಂದು ಫಲಕ ಇದೆ. ಮಗಳನ್ನು ಅಲ್ಲಿಗೆ ಕರ್ಕೊಂಡು ಹೋಗಬೇಕು ಅಂತ ಆಸೆ.

ಇಲ್ಲಿಯವರೆಗೆ ಫೋನಿನಲ್ಲೇ ನಡೆಸಿದ್ದೇವೆ. ಆದರೆ ಇಲ್ಲಿ ಮಳೆ, ಚಳಿ ಎರಡೂ ಜಾಸ್ತಿ. ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಚಾರ್ಜು ಖಾಲಿ. ಹೋದ ವಾರ ಫಾರೆಸ್ಟ್ ಪಾರ್ಕ್ ಒಳಗೆ ದೊಡ್ಡ ಡಗ್ಲಸ್ ಫರ್ ಮರಗಳ ಕೆಳಗೆ ಬಾಣದ ಗುರುತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಡಾಡಿ ಮಗಳು ಅಳುವ ಹಾಗಾಯಿತು. ಹಾಗಾಗಿ ಕೈಲಿ ಹಿಡಿಯುವ ಜಿಪಿಎಸ್ ತಗೊಳ್ಳೋಣ ಅಂತ. 150ರಿಂದ 200 ಡಾಲರ್ ತನಕ ಕೊಡಬಲ್ಲೆ. ಡಿಸೆಂಬರಿನಲ್ಲಿ ಊರಿಗೆ ಬರುತ್ತೇವೆ, ತಮ್ಮನ ಜೊತೆ ಕುಮಾರಪರ್ವತ ಹತ್ತುವ ಯೋಚನೆ ಇದೆ, ಅಲ್ಲಿಗೂ ಅದೇ ಆಗಬೇಕು. ಆಫೀಸಿನಲ್ಲಿ ಒಬ್ಬರು, ಕಾಸು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಸ್ಯಾಟಲೈಟ್ ಮೂಲಕ ಎಸ್ಓಎಸ್, ಅಂದರೆ ಅಪಾಯದ ಕರೆ, ಕಳಿಸುವ ಸೆಟ್ಟೇ ತಗೋ, ಚಿಕ್ಕ ಹುಡುಗಿ ಜೊತೆಗಿರುತ್ತಾಳೆ ಅಂದರು. ಬಳಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕಾಡುಹಾದಿ:

ನಾನು ಸಿಯಾಟಲ್ ಕಡೆಯವನು, ಹನ್ನೊಂದು ವರ್ಷದಿಂದ ಡಬ್ಬಿ ಹುಡುಕುತ್ತಿದ್ದೇನೆ, ನಿಮ್ಮಲ್ಲಿರುವ ಅದೇ ಮರ, ಅದೇ ಮಳೆ ಇಲ್ಲೂ.

ಮೊದಲು ಒಂದು ವಿಷಯ. ಹೊಸ ಸೆಟ್ ತಗೊಂಡರೆ ಬಾಣ ಓಡಾಡುವುದು ನಿಲ್ಲುತ್ತದೆ ಅಂದುಕೊಂಡು ದುಡ್ಡು ಹಾಕಬೇಡಿ. ಬಯಲಲ್ಲಿ ಒಳ್ಳೆ ಫೋನೂ ಮೂರರಿಂದ ಐದು ಮೀಟರಿನೊಳಗೆ ತೋರಿಸುತ್ತದೆ, ಕಡಿಮೆ ಬೆಲೆಯ ಜಿಪಿಎಸ್ಸೂ ಅಷ್ಟೇ. ದಟ್ಟ ಮರದ ಕೆಳಗೆ ಸಿಗ್ನಲ್ ಕಾಂಡಕ್ಕೆ, ಬಂಡೆಗೆ ಬಡಿದು ಸುತ್ತಿ ಬರುತ್ತದೆ, ಆಗ ಹತ್ತು ಮೀಟರ್ ಆಚೀಚೆ ಆಗುವುದು ಮಾಮೂಲು. ಬಚ್ಚಿಟ್ಟವರ ಸೆಟ್ಟಿಗೂ ಅದೇ ತೊಂದರೆ ಆಗಿರುತ್ತದೆ ಅಲ್ವಾ? ಅವರ ತಪ್ಪು, ನಿಮ್ಮ ತಪ್ಪು ಎರಡೂ ಸೇರುತ್ತವೆ. ನಾನು ಹತ್ತು ಮೀಟರ್ ಅಂತ ತೋರಿಸಿದ ಕೂಡಲೇ ಸೆಟ್ಟನ್ನು ಜೇಬಿಗೆ ಹಾಕಿಬಿಡುತ್ತೇನೆ. ಆಮೇಲೆ ಕಣ್ಣಿನ ಕೆಲಸ. ಪಾಚಿ ಕಟ್ಟಿದ ದಿಮ್ಮಿಯ ಮೇಲೆ ಒಂದು ತೊಗಟೆ ಚೂರು ಮಾತ್ರ ಒಣಗಿ ಬೇರೆ ಬಣ್ಣದಲ್ಲಿದ್ದರೆ, ಯಾರೋ ಅದನ್ನು ಎತ್ತಿ ಇಟ್ಟಿದ್ದಾರೆ ಅಂತ ಅರ್ಥ. ಮಗಳಿಗೆ ಇದನ್ನು ಕಲಿಸಿ, ನಿಮಗಿಂತ ಬೇಗ ಹಿಡಿಯುತ್ತಾಳೆ.

ಹಾಗಾದರೆ ಬೇರೆ ಸೆಟ್ ಯಾಕೆ ಬೇಕು? ಬ್ಯಾಟರಿಗೆ, ಗುಂಡಿಗಳಿಗೆ, ಬಿದ್ದರೂ ನೆನೆದರೂ ತಡೆಯುವುದಕ್ಕೆ. ನಿಮ್ಮ ಬಜೆಟ್ಟಿನಲ್ಲಿ ನನ್ನ ಕಣ್ಣಿಗೆ ಕಾಣುವುದು ಎರಡೇ. ಒಂದು ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಎಸ್ಇ, 2023ರಲ್ಲಿ 150 ಡಾಲರಿಗೆ ಬಂತು. ಕಪ್ಪು ಬಿಳುಪಿನ ಪರದೆ, ಬಿಸಿಲಲ್ಲಿ ಚೆನ್ನಾಗಿ ಓದಬಹುದು. ಎರಡು ಎಎ ಸೆಲ್ಲಿಗೆ 168 ಗಂಟೆ ಅಂತ ಕಂಪನಿ ಹೇಳುತ್ತದೆ, ಅಂದರೆ ಒಂದು ವಾರ. ಫೋನಿನ ಜೊತೆ ಜೋಡಿಸಿದರೆ ಕ್ಯಾಶ್‌ಗಳ, ಅಂದರೆ ಬಚ್ಚಿಟ್ಟ ಡಬ್ಬಿಗಳ, ವಿವರ ನೇರವಾಗಿ ಇಳಿಯುತ್ತದೆ. ಒಳಗೆ ದಿಕ್ಸೂಚಿ ಇದೆ. ಆದರೆ ಸೆಟ್ಟಿನಲ್ಲಿ ನಕ್ಷೆ ಬರುವುದಿಲ್ಲ, ನಕ್ಷೆ ನೋಡಬೇಕಾದರೆ ಫೋನೇ ಗತಿ. ಇನ್ನೊಂದು ಇಟ್ರೆಕ್ಸ್ 22ಎಕ್ಸ್, 2019ರದ್ದು, ಬಂದಾಗ 200 ಡಾಲರ್. ಬಣ್ಣದ ಪರದೆ, 2.2 ಇಂಚು, ಒಳಗೆ ನಕ್ಷೆ ಇದೆ, ಮೈಕ್ರೋ ಎಸ್‌ಡಿ ಕಾರ್ಡ್ ಹಾಕಬಹುದು. ಸೆಲ್ 25 ಗಂಟೆ ಬರುತ್ತದೆ. ಕೊರತೆ ಏನೆಂದರೆ ಅದರಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ. ನಡೆಯುತ್ತಿದ್ದರೆ ಮಾತ್ರ ದಿಕ್ಕು ಸರಿಯಾಗಿ ತೋರಿಸುತ್ತದೆ, ನಿಂತರೆ ಬಾಣ ಎಲ್ಲೆಲ್ಲೋ ತಿರುಗುತ್ತದೆ. ಹತ್ತು ವರ್ಷದ ಹುಡುಗಿ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾಳೆ. ಅದಕ್ಕೇ ನನ್ನ ಓಟು ಎಸ್ಇಗೆ. ನಕ್ಷೆ ಫೋನಿನಲ್ಲಿರಲಿ.

ಉಂಬಳಗುಡ್ಡ:

ತುಂಗಾತೀರ ಅಕ್ಕ, ನಾನು ಸುಳ್ಯದವನು. ಎಲ್ಲಕ್ಕಿಂತ ಮೊದಲು ಇದನ್ನು ಓದಿ. ಎಸ್ಓಎಸ್ ಕಳಿಸುವ ಸ್ಯಾಟಲೈಟ್ ಸೆಟ್ ತಗೊಂಡು ಭಾರತಕ್ಕೆ ಬರಲೇಬೇಡಿ. ಗಾರ್ಮಿನ್‌ನ ಇನ್‌ರೀಚ್ ಥರದ ಉಪಕರಣಕ್ಕೆ ಇಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅನುಮತಿ ಇಲ್ಲದೆ ತಂದ ವಿದೇಶಿ ಚಾರಣಿಗರನ್ನು ವಿಮಾನ ನಿಲ್ದಾಣದಲ್ಲೇ ತಡೆದು ಕೇಸ್ ಹಾಕಿದ ಸುದ್ದಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬಂದಿದೆ. ಪಾಪ, ಅವರಿಗೆ ಗೊತ್ತೇ ಇರಲಿಲ್ಲ. ಬರೀ ಜಿಪಿಎಸ್ ಸೆಟ್ ಆಕಾಶದಿಂದ ಬರುವ ಸಿಗ್ನಲ್ ಕೇಳಿಸಿಕೊಳ್ಳುತ್ತದೆ ಅಷ್ಟೇ, ಏನನ್ನೂ ಕಳಿಸುವುದಿಲ್ಲ. ಇನ್‌ರೀಚ್ ಸಂದೇಶ ಕಳಿಸುತ್ತದೆ, ಗಲಾಟೆ ಅದಕ್ಕೇ. ಗಾರ್ಮಿನ್ ಮಾಡೆಲ್ ಹೆಸರಿನ ಕೊನೆಗೆ ಐ ಅಕ್ಷರ ಇದ್ದರೆ, 66ಐ, 700ಐ ಹಾಗೆ, ಅದರೊಳಗೆ ಇನ್‌ರೀಚ್ ಇರುತ್ತದೆ. ಅದು ಆರೆಗಾನ್‌ನಲ್ಲೇ ಇರಲಿ.

ಇನ್ನು ಕುಮಾರಪರ್ವತದ ವಿಚಾರ. 1712 ಮೀಟರ್ ಎತ್ತರ. ಕುಕ್ಕೆ ಕಡೆಯಿಂದ ಹತ್ತಿದರೆ ದಾರಿ ನಡುವಿನ ಭಟ್ಟರ ಮನೆ ತನಕ ಕಾಡು, ಆಮೇಲೆ ಬೋಳು ಹುಲ್ಲುಗುಡ್ಡ, ಶೇಷಪರ್ವತ ದಾಟಿ ಮತ್ತೆ ಶೋಲಾ ಕಾಡಿಗೆ, ಅಂದರೆ ಹುಲ್ಲುಗುಡ್ಡಗಳ ನಡುವಿನ ಕಾಡಿಗೆ, ಇಳಿದು ಹತ್ತಬೇಕು. ಹಗಲು ಸ್ವಚ್ಛ ಇದ್ದರೆ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಆದರೆ ಹುಲ್ಲುಗುಡ್ಡದಲ್ಲಿ ಮಂಜು ಕವಿದರೆ ಮುಂದಿನವನ ಬ್ಯಾಗೂ ಕಾಣುವುದಿಲ್ಲ, ಕಾಲುದಾರಿ ಕವಲೊಡೆದಿದ್ದು ಗೊತ್ತೇ ಆಗುವುದಿಲ್ಲ. ನಮಗೆ ಒಮ್ಮೆ ಹಾಗಾಯಿತು. ಇಳಿಯುವಾಗ ಐದು ನಿಮಿಷ ನಡೆದ ಮೇಲೆ ಯಾಕೋ ಅನುಮಾನ ಬಂದು ಸೆಟ್ ನೋಡಿದರೆ, ಬೆಳಗ್ಗೆ ಹತ್ತಿ ಬಂದ ನಮ್ಮ ಗೆರೆ ಬಲಗಡೆ ದೂರದಲ್ಲಿದೆ, ನಾವು ಕಣಿವೆಯ ಅಂಚಿಗೆ ಇಳಿಯುತ್ತಿದ್ದೇವೆ. ಅಲ್ಲೇ ನಿಂತು ಬಂದ ಹೆಜ್ಜೆಯಲ್ಲೇ ವಾಪಸ್ ಹತ್ತಿದೆವು. ಅವತ್ತು ಕೆಲಸಕ್ಕೆ ಬಂದಿದ್ದು ಆ ಒಂದು ಗೆರೆ ಮಾತ್ರ. ಅದಕ್ಕೇ ಹೇಳುವುದು, ಹತ್ತಲು ಶುರು ಮಾಡುವ ಮುಂಚೆ ಎರಡು ಕೆಲಸ ಮರೆಯಬೇಡಿ: ಗಾಡಿ ನಿಲ್ಲಿಸಿದ ಜಾಗವನ್ನು ವೇಪಾಯಿಂಟ್ ಮಾಡಿ, ಅಂದರೆ ಸೆಟ್ಟಿನಲ್ಲಿ ಗುರುತು ಹಾಕಿಡಿ, ನಡೆದ ದಾರಿಯ ಗೆರೆ ಉಳಿಸುವ ಟ್ರ್ಯಾಕ್ ರೆಕಾರ್ಡಿಂಗ್ ಆನ್ ಇದೆಯಾ ನೋಡಿ.

ಕಾಡುಹಾದಿಯವರ ಮಾತು ಡಬ್ಬಿ ಹುಡುಕುವುದಕ್ಕೆ ಸರಿ. ಆದರೆ ನಮ್ಮ ಘಟ್ಟಕ್ಕೆ ನಾನು 22ಎಕ್ಸ್ ಅನ್ನುತ್ತೇನೆ. ಮಂಜಿನಲ್ಲಿ ಫೋನ್ ತೆಗೆದು ನಕ್ಷೆ ನೋಡುವಷ್ಟು ವ್ಯವಧಾನ ಇರುವುದಿಲ್ಲ, ಕೈಯಲ್ಲಿರುವ ಪರದೆಯಲ್ಲೇ ಹಳ್ಳ ಎಲ್ಲಿದೆ, ದಿಬ್ಬ ಎಲ್ಲಿದೆ ಕಾಣಬೇಕು. ಅಮೆರಿಕದಲ್ಲಿ ಕೊಂಡ ಸೆಟ್ಟಿನಲ್ಲಿ ನಮ್ಮ ಕಡೆಯ ವಿವರವಾದ ನಕ್ಷೆ ಇರುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಭಾರತದ ಗಾರ್ಮಿನ್ ನಕ್ಷೆ ಬಿಟ್ಟಿಯಾಗಿ ಸಿಗುತ್ತದೆ, ಫೈಲನ್ನು ಕಾರ್ಡಿನ ಗಾರ್ಮಿನ್ ಫೋಲ್ಡರಿಗೆ ಹಾಕಿದರೆ ಸಾಕು.

ಸೆಲ್ ಬಗ್ಗೆ ಒಂದು ಮಾತು. ರೀಚಾರ್ಜ್ ಸೆಲ್ ಹಾಕಿದರೆ ಸೆಟ್ಟಿಂಗ್ಸಿನಲ್ಲಿ ಸೆಲ್ ಜಾತಿ ಬದಲಿಸಿ, ಇಲ್ಲದಿದ್ದರೆ ಎಷ್ಟು ಉಳಿದಿದೆ ಅನ್ನುವುದು ತಪ್ಪು ತೋರಿಸುತ್ತದೆ. ಟ್ರೆಕ್ ಮುಗಿದ ಮೇಲೆ ಸೆಲ್ ತೆಗೆದಿಡಿ. ನಾನು ಒಂದು ಮಳೆಗಾಲ ಪೂರ್ತಿ ಮಾಮೂಲಿ ಸೆಲ್ ಒಳಗೇ ಬಿಟ್ಟಿದ್ದೆ. ಸೋರಿ, ಸ್ಪ್ರಿಂಗ್ ಹಸಿರುಗಟ್ಟಿ, ಒಂದು ಒಳ್ಳೆ ಸೆಟ್ ಹಾಳಾಯಿತು. ಇವತ್ತಿಗೂ ಆ ನೋವಿದೆ.

ಮತ್ತೆ, ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಮೊದಲೇ ಮಾಡಿಸಿಕೊಳ್ಳಿ. ಕಾಡಿನಲ್ಲಿ ಡಬ್ಬಿ ಬಚ್ಚಿಡುವ ಯೋಚನೆ ಮಗಳಿಗೆ ಬಂದರೆ ಬೇಡ ಅನ್ನಿ. ಜಾಗದ ಒಡೆಯರ ಒಪ್ಪಿಗೆ ಇಲ್ಲದೆ ಇಡಬಾರದು ಅನ್ನುವುದು ಆ ಆಟದ್ದೇ ನಿಯಮ ಅಂತ ಕೇಳಿದ್ದೇನೆ.

ಕಾಡುಹಾದಿ:

ಹೌದು, ಒಪ್ಪಿಗೆ ಬೇಕು, ನೆಲ ಅಗೆದು ಹೂಳುವಂತೆಯೂ ಇಲ್ಲ. ಮಂಜಿನ ವಿಚಾರದಲ್ಲಿ ನೀವು ಹೇಳಿದ್ದು ಒಪ್ಪಿದೆ. ಇಲ್ಲಿನ ಟ್ರೇಲುಗಳಲ್ಲಿ ತಿರುವಿಗೊಂದು ಬೋರ್ಡು ಇರುತ್ತದೆ, ಘಟ್ಟದಲ್ಲಿ ಇರುವುದಿಲ್ಲ ಅನ್ನುವುದು ನನ್ನ ತಲೆಗೆ ಬರಲಿಲ್ಲ.

ತುಂಗಾತೀರ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್‌ರೀಚ್ ವಿಷಯ ಓದಿ ಎದೆ ಝಲ್ ಅಂತು, ನಾನು ಕಾರ್ಟಿಗೆ ಹಾಕಿಟ್ಟಿದ್ದೆ! ತೆಗೆದೆ. ಇನ್ನೆರಡು ಪ್ರಶ್ನೆ. ಇಲ್ಲೇ ಹತ್ತಿರದಲ್ಲಿ ಒಬ್ಬರು 22ಎಕ್ಸ್ ಸೆಕೆಂಡ್ ಹ್ಯಾಂಡ್ 90 ಡಾಲರಿಗೆ ಕೊಡುತ್ತಾರಂತೆ, ತಗೊಳ್ಳಬಹುದಾ? ಭಾರತಕ್ಕೆ ಬರುವುದರಿಂದ ನಮ್ಮ ನಾವಿಕ್ ಉಪಗ್ರಹ ಹಿಡಿಯುವ ಸೆಟ್ಟೇ ಬೇಕಾ?

ಅಳತೆಗೋಲು:

ನಾನು ಸರ್ವೆ ಕೆಲಸ ಮಾಡುವವನು, ಹುಬ್ಬಳ್ಳಿ. ನಾವಿಕ್ ಇದ್ದರೆ ಒಳ್ಳೆಯದು, ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ. ಚಾರಣಕ್ಕೆ ಜಿಪಿಎಸ್ ಜೊತೆ ರಷ್ಯಾದ ಉಪಗ್ರಹ ವ್ಯವಸ್ಥೆ ಗ್ಲೋನಾಸ್ ಇದ್ದರೆ ಧಾರಾಳ ಸಾಕು, 22ಎಕ್ಸ್‌ನಲ್ಲಿ ಅದಿದೆ.

ಸೆಕೆಂಡ್ ಹ್ಯಾಂಡ್ ಖಂಡಿತ ತಗೊಳ್ಳಿ, ಆದರೆ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ. ಸೆಲ್ ಮುಚ್ಚಳ ತೆಗೆದು ಒಳಗೆ ಬಿಳಿ ಅಥವಾ ಹಸಿರು ಪುಡಿ ಇದೆಯಾ ನೋಡಿ. ಸುತ್ತಲಿನ ರಬ್ಬರ್ ಪಟ್ಟಿ ಸಡಿಲ ಆಗಿದೆಯಾ ಬೆರಳಲ್ಲಿ ಎಳೆದು ನೋಡಿ, ಬಿಟ್ಟುಕೊಂಡಿದ್ದರೆ ನೀರು ಒಳಗೆ ಹೋಗಬಹುದು. ಪುಟ್ಟ ಜಾಯ್‌ಸ್ಟಿಕ್ಕನ್ನು ನಾಲ್ಕೂ ಕಡೆ ಒತ್ತಿ. ಬಯಲಿಗೆ ಬಂದು ಆನ್ ಮಾಡಿ ಉಪಗ್ರಹ ಹಿಡಿಯುವ ತನಕ ಕಾಯಿರಿ, ಕೊಡುವವರು ಅವಸರ ಮಾಡಿದರೂ ಕಾಯಿರಿ. ಕೇಬಲ್ಲೂ ಕೇಳಿ ಇಸ್ಕೊಳ್ಳಿ, ಅದು ಹಳೇ ಮಿನಿ ಯುಎಸ್‌ಬಿ, ಈಗಿನ ಫೋನ್ ಕೇಬಲ್ ಕೂರುವುದಿಲ್ಲ. ಇದಕ್ಕಿಂತ ಹಳೇ ಸೆಟ್ ಯಾರಾದರೂ ತೋರಿಸಿದರೆ ದಿನಾಂಕ ನೋಡಿ. ಜಿಪಿಎಸ್‌ನಲ್ಲಿ ವಾರದ ಲೆಕ್ಕ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, 2019ರ ಏಪ್ರಿಲ್ 6ರಂದು ಹಾಗಾಯಿತು, ಆಮೇಲೆ ಎಷ್ಟೋ ಹಳೇ ಸೆಟ್ಟುಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಕು ತೋರಿಸುತ್ತವೆ.

ಊರಿಗೆ ಬಂದಾಗ ಒಂದು ಕೆಲಸ ಮಾಡಿ. ಅಷ್ಟು ದೂರ ಆಫ್ ಆಗಿ ಬಂದ ಸೆಟ್ಟಿಗೆ ಮೊದಲ ಸಲ ಉಪಗ್ರಹ ಹುಡುಕಲು ಹೊತ್ತು ಬೇಕು. ಉಪಗ್ರಹಗಳ ಪೂರ್ತಿ ಪಟ್ಟಿ ಇಳಿಯುವುದಕ್ಕೇ 12.5 ನಿಮಿಷ ಹಿಡಿಯುತ್ತದೆ. ಬೆಟ್ಟದ ಬುಡದಲ್ಲಿ ಮರದ ಕೆಳಗೆ ನಿಂತು ಒದ್ದಾಡುವ ಬದಲು ಹಿಂದಿನ ದಿನವೇ ಮನೆ ಅಂಗಳದಲ್ಲಿ ಅರ್ಧ ಗಂಟೆ ಆನ್ ಮಾಡಿ ಇಡಿ.

ಕೊನೆಗೆ, ಅಂಕಿ ಬರೆಯುವ ರೀತಿ. ಹೊಸಬರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಜಿಯೋಕ್ಯಾಶಿಂಗ್‌ನಲ್ಲಿ ಡಿಗ್ರಿ, ಆಮೇಲೆ ನಿಮಿಷ, ನಿಮಿಷಕ್ಕೆ ಮೂರು ದಶಮಾಂಶ. ಫೋನ್ ನಕ್ಷೆಗಳು ಹೆಚ್ಚಾಗಿ ತೋರಿಸುವುದು ದಶಮಾಂಶ ಡಿಗ್ರಿ. ನೀವು ಹೇಳಿದ ಆ ಮೊದಲ ಬಕೆಟ್ಟಿನ ಜಾಗ ಉತ್ತರ 45 ಡಿಗ್ರಿ 17.460 ನಿಮಿಷ, ಪಶ್ಚಿಮ 122 ಡಿಗ್ರಿ 24.800 ನಿಮಿಷ. ಇದನ್ನು ಯಾರಾದರೂ 45.17460, 122.24800 ಅಂತ ಹಾಕಿದರೆ ಸುಮಾರು 18 ಕಿಲೋಮೀಟರ್ ದೂರದ ಇನ್ನೆಲ್ಲೋ ಹೋಗಿ ನಿಲ್ಲುತ್ತಾರೆ. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಸೇರಿಸಬೇಕು, ಆಗ ಅಕ್ಷಾಂಶ 45.29100 ಬರುತ್ತದೆ. ಕೊನೆಯ ಒಂದು ಅಂಕಿ, ಅಂದರೆ ನಿಮಿಷದ ಸಾವಿರದ ಒಂದು ಪಾಲು, ಉತ್ತರ ದಕ್ಷಿಣಕ್ಕೆ 1.85 ಮೀಟರ್. ಅದಕ್ಕಿಂತ ಹೆಚ್ಚು ಅಂಕಿ ಬರೆದು ಪ್ರಯೋಜನ ಇಲ್ಲ. ಸೆಟ್ಟಿಂಗ್ಸಿನಲ್ಲಿ ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಲೆಕ್ಕಕ್ಕೆ ಹಿಡಿಯುವ ಆಧಾರ, ಡಬ್ಲ್ಯುಜಿಎಸ್ 84 ಅಂತ ಇರಲಿ, ಅದನ್ನು ಮುಟ್ಟಬೇಡಿ.

ತುಂಗಾತೀರ:

ತಗೊಂಡೆ! 90 ಅಂದಿದ್ದು 80ಕ್ಕೆ ಕೊಟ್ಟರು. ಸೆಲ್ ಗೂಡು ಸ್ವಚ್ಛ ಇತ್ತು, ರಬ್ಬರ್ ಗಟ್ಟಿ ಇತ್ತು, ಅವರ ಮನೆ ಮುಂದೆ ಫುಟ್‌ಪಾತ್ ಮೇಲೆ ನಿಂತು ಉಪಗ್ರಹ ಹಿಡಿಯುವ ತನಕ ಕಾದೆವು. ಕೇಬಲ್ ಅವರ ಡ್ರಾಯರಿನಲ್ಲೇ ಸಿಕ್ಕಿತು.

ಭಾನುವಾರ ಅದೇ ಫಾರೆಸ್ಟ್ ಪಾರ್ಕಿಗೆ, ಹೋದ ವಾರ ಸಿಗದ ಅದೇ ಡಬ್ಬಿ ಹುಡುಕಲು ಹೋದೆವು. ಸಣ್ಣ ಮಳೆ. ನಿಂತಾಗ ಬಾಣ ತಿರುಗಿದ್ದು ನಿಜ, ಮಗಳಿಗೆ ಮೊದಲೇ ಹೇಳಿದ್ದರಿಂದ ಅವಳೇ ನಾಲ್ಕು ಹೆಜ್ಜೆ ಹಿಂದೆ ಹೋಗಿ ಮತ್ತೆ ನಡೆದು ದಿಕ್ಕು ನೋಡಿಕೊಂಡಳು. ಒಂಬತ್ತು ಮೀಟರ್ ಅಂತ ಬಂದಾಗ ಅಮ್ಮಾ ಜೇಬಿಗೆ ಹಾಕು ಅಂದಳು. ಆಮೇಲೆ ಒಂದು ಮುರಿದ ಮರದ ಬುಡದಲ್ಲಿ, ಬೇರಿನ ಸಂದಿಯಲ್ಲಿ ಅಡ್ಡ ಇಟ್ಟಿದ್ದ ತೊಗಟೆ ಚೂರನ್ನು ಎತ್ತಿದರೆ ಹಿಂದೆ ಹಸಿರು ಬಣ್ಣ ಬಳಿದ ಪುಟ್ಟ ಡಬ್ಬಿ. ಪುಸ್ತಕದ ಹಾಳೆ ಸ್ವಲ್ಪ ಒದ್ದೆ, ಪೆನ್ ಹಿಡಿಯಲಿಲ್ಲ, ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಕನ್ನಡದಲ್ಲೇ ಹೆಸರು ಬರೆದಳು.

ಉಂಬಳಗುಡ್ಡ, ನನ್ನ ತಮ್ಮ ಡಿಸೆಂಬರ್ ಟಿಕೆಟ್ ನೋಡುತ್ತಿದ್ದಾನೆ. ಭಾರತದ ನಕ್ಷೆ ಇವತ್ತು ರಾತ್ರಿ ಕಾರ್ಡಿಗೆ ಹಾಕುತ್ತೇನೆ, ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳುತ್ತೇನೆ.