ಹೆಲ್ಸಿಂಕಿ: ಗೆಳೆಯನ ಜೊತೆ ಮೊದಲ ದಿನ, ಯಾವ ಕ್ರಮದಲ್ಲಿ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಇಬ್ಬರು ಬೆಳಿಗ್ಗೆ ಇಳಿಯುತ್ತೇವೆ. ಸುವೊಮೆನ್‌ಲಿನ್ನಾ ದ್ವೀಪಕೋಟೆ ಮೊದಲೋ, ಊರೊಳಗಿನ ಜಾಗಗಳೋ? ಟಿಕೆಟ್ ಯಾವುದು?

ಉತ್ತರ 1: ಕೋಟೆ ಮೊದಲು. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಸುಮಾರು 9:20ಕ್ಕೆ, ಮುಳುಗುವುದು 3:15ರ ಹೊತ್ತಿಗೆ. ಮಧ್ಯಾಹ್ನಕ್ಕೆ ಬಿಟ್ಟರೆ ಕತ್ತಲಲ್ಲಿ ಕೋಟೆಯ ಸುರಂಗ ತಡಕಾಡಬೇಕಾದೀತು. ಕೌಪ್ಪತೋರಿ ಮಾರುಕಟ್ಟೆ ಚೌಕದಿಂದ ಫೆರ್ರಿ, 15 ನಿಮಿಷ. 1748ರಲ್ಲಿ ಸ್ವೀಡನ್ ಕಟ್ಟಲು ಶುರುಮಾಡಿದ ಕೋಟೆ, ಮೂರು ಗಂಟೆ ಬೇಕು. ಗಾಳಿ ವಿಪರೀತ, ಕಲ್ಲುಹಾಸಿನ ಮೇಲೆ ಐಸು. ಹಿಡಿತವಿರುವ ಬೂಟು ಇಲ್ಲದಿದ್ದರೆ ಜಾರುವುದು ಖಂಡಿತ.

ಉತ್ತರ 2: ಟಿಕೆಟ್‌ನಲ್ಲೇ ಹಲವರು ಎಡವುತ್ತಾರೆ. ಟಿಕೆಟ್ ದರ ವಲಯಗಳ ಲೆಕ್ಕದಲ್ಲಿದೆ; ವಿಮಾನ ನಿಲ್ದಾಣ ಸಿ ವಲಯದಲ್ಲಿದೆ, ಆದ್ದರಿಂದ ಎ, ಬಿ, ಸಿ ಮೂರೂ ವಲಯಗಳ (ಎಬಿಸಿ) ದಿನದ ಟಿಕೆಟ್ ತಗೊಳ್ಳಿ. ಅದೇ ಎಚ್‌ಎಸ್‌ಎಲ್ (ಹೆಲ್ಸಿಂಕಿ ಪ್ರದೇಶದ ಸಾರಿಗೆ ಸಂಸ್ಥೆ) ಫೆರ್ರಿಗೂ ನಡೆಯುತ್ತದೆ. ನಿಲ್ದಾಣಗಳಲ್ಲಿ ಗೇಟೇ ಇಲ್ಲ, ಹಾಗಂತ ಟಿಕೆಟ್ ಇಲ್ಲದೆ ಹತ್ತಿಬಿಟ್ಟರೆ ತಪಾಸಕರು ದಂಡ ಹಾಕುತ್ತಾರೆ. ಟ್ರಾಮಿನಲ್ಲಿ ಟಿಕೆಟ್ ಮಾರುವುದಿಲ್ಲ.

ಉತ್ತರ 3: ಕತ್ತಲಾದ ಮೇಲೆ 2018ರಲ್ಲಿ ತೆರೆದ ‘ಓಡಿ’ (Oodi) ಗ್ರಂಥಾಲಯ: ಉಚಿತ, ಬೆಚ್ಚಗೆ, ಕೇಂದ್ರ ನಿಲ್ದಾಣದ ಪಕ್ಕದಲ್ಲೇ. ಬಂಡೆ ಕೊರೆದು ಕಟ್ಟಿದ ತೆಂಪೆಲಿಯೌಕಿಯೊ ಚರ್ಚಿಗೆ ಪ್ರಾರ್ಥನೆಯ ವೇಳೆ ಪ್ರವಾಸಿಗರನ್ನು ಬಿಡುವುದಿಲ್ಲ, ಸಮಯ ನೋಡಿಕೊಳ್ಳಿ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿ ನೀರೇ ಚೆನ್ನಾಗಿದೆ.