ಸಮಸ್ಯಾಪೂರಣ: ಹಾಲ ಚೆಲ್ಲಿದ ಕೂಸು ಕೊಲೆಗಾರನಾಯ್ತು

ಸಂಚಾಲಕರು:
ಈ ವಾರದ ಸಮಸ್ಯೆ ಪಂಚಮಾತ್ರಾ ಚೌಪದಿಯ ಕೊನೆಯ ಸಾಲು; ಅದಕ್ಕೆ ಅರ್ಥ ಕೂಡುವಂತೆ ಮೊದಲ ಮೂರು ಸಾಲುಗಳನ್ನು ನೀವು ಕಟ್ಟಬೇಕು.

ಹಾಲ ಚೆಲ್ಲಿದ ಕೂಸು ಕೊಲೆಗಾರನಾಯ್ತು

ಪ್ರತಿ ಸಾಲಿನ ಮೊದಲಕ್ಷರ ಗುರುವಾಗಿ, ಎರಡನೆಯದು ಲಕಾರವಾಗಿರಬೇಕು. ಮೊದಲ ಮತ್ತು ಮೂರನೆಯ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣಗಳಿದ್ದರೆ, ಉಳಿದೆರಡಕ್ಕೆ ಮೂರು ಗಣಗಳ ಮೇಲೆ ಮೂರು ಮಾತ್ರೆಗಳು. ಯಾವ ದಾರಿಯಿಂದಲಾದರೂ ಬನ್ನಿ. ಇಂಗ್ಲಿಷಿನಲ್ಲಿ ನಾಶವನ್ನು ಹೇಳುತ್ತಿದ್ದ ಹಳೆಯ ಮಾತುಗಳ ಪರಿಚಯ ಇರುವವರಿಗೆ ಒಂದು ಒಳದಾರಿಯೂ ಇದೆ.

ಶಿರಸಿಯಿಂದ:
ನಾನು ಅಡುಗೆಮನೆಯ ದಾರಿಯಿಂದಲೇ ಬಂದೆ.

ಬಾಲಲೀಲೆಯ ನಡುವೆ ಲೋಟವೊಂದುರುಳಿತ್ತು
ಮೂಲೆಯಲಿ ಹರಿದು ಹೊಳೆಯಾಯ್ತು ನೊರೆವಾಲು
ಸಾಲಿಡುತಲಿರುವೆಗಳು ಬಂದು ಮುಳುಗಿದುವಯ್ಯ
ಹಾಲ ಚೆಲ್ಲಿದ ಕೂಸು ಕೊಲೆಗಾರನಾಯ್ತು

ಸಂಚಾಲಕರು:
ತುಂಬ ಸೊಗಸಾದ ಪೂರಣ, ಅಕ್ಕ. ಲೋಟದ ಹಾಲು ಇರುವೆಯ ಪಾಲಿಗೆ ಹೊಳೆಯಾಗುವುದನ್ನು ಎರಡನೆಯ ಸಾಲಿನಲ್ಲೇ ಸೂಚಿಸಿಬಿಟ್ಟಿದ್ದೀರಿ. ಹಾಗಾಗಿ ಕೊನೆಯ ಸಾಲಿಗೆ ಬರುವ ಹೊತ್ತಿಗೆ ‘ಕೊಲೆಗಾರ’ ಎಂಬ ಮಾತು ಭಾರವೆನಿಸುವುದಿಲ್ಲ.

ತುಮಕೂರಿನಿಂದ:
ಒಳದಾರಿ ಸಿಕ್ಕಿತೆಂದುಕೊಂಡಿದ್ದೇನೆ, ಸರ್. ಇಂದು ಚೆಲ್ಲು ಎಂಬ ಅರ್ಥದಲ್ಲಿ ಬಳಸುವ ‘ಸ್ಪಿಲ್’ ಹಳೆಯ ಇಂಗ್ಲಿಷಿನಲ್ಲಿ ‘ಸ್ಪಿಲ್ಲನ್’ ಆಗಿತ್ತು; ಅದರ ಅರ್ಥ ನಾಶಮಾಡು, ಕೊಲ್ಲು. ಕೊಲ್ಲುವುದರಿಂದ ನೆತ್ತರು ಸುರಿಸುವುದಕ್ಕೆ, ನೆತ್ತರಿನಿಂದ ನೀರು ಹಾಲುಗಳಿಗೆ ಆ ಮಾತು ಇಳಿದು ಬಂದಿದೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ರಾಣಿ, ಪಾಪಪ್ರಜ್ಞೆಯು ತಾನು ಅಳಿದೀತೆಂಬ ಭಯದಲ್ಲೇ ತನ್ನನ್ನು ಅಳಿಸಿಕೊಳ್ಳುತ್ತದೆ ಎನ್ನುವಾಗ ಬಳಸುವುದು ಇದೇ ಕ್ರಿಯಾಪದವನ್ನು.

ಕಾಲ ಸಾವಿರವರುಷ ಹಿಂದಕೋಡಲು ಕಂಡೆ
ಮೂಲದಲಿ ಸ್ಪಿಲ್ಲೆಂಬ ನುಡಿಗೆ ಕೊಲೆಯರ್ಥ
ಹೋಲಿಸುತಲಾಂಗ್ಲನುಡಿಗನ್ನಡಿಯ ಹಿಡಿದಾಗ
ಹಾಲ ಚೆಲ್ಲಿದ ಕೂಸು ಕೊಲೆಗಾರನಾಯ್ತು

ಸಂಚಾಲಕರು:
ನಾನು ಎದುರುನೋಡುತ್ತಿದ್ದದ್ದು ಇದನ್ನೇ. ಒಂದೇ ಒಂದು ಸವರಣೆ ಬೇಕು. ‘ಸ್ಪಿ’ ಒತ್ತಕ್ಷರವಾದ್ದರಿಂದ ಅದರ ಹಿಂದಿನ ‘ಲಿ’ ಗುರುವಾಗಿ, ‘ಮೂಲದಲಿ’ ಆರು ಮಾತ್ರೆಯಾಗಿದೆ. ಆ ‘ಲಿ’ಯನ್ನು ತೆಗೆದು ‘ಮೂಲದ ಸ್ಪಿಲ್ಲೆಂಬ ನುಡಿಗೆ ಕೊಲೆಯರ್ಥ’ ಎಂದುಬಿಟ್ಟರೆ, ಅದೇ ಒತ್ತಕ್ಷರದ ಬಲದಿಂದ ‘ದ’ ಗುರುವಾಗಿ ಐದು ಮಾತ್ರೆ ಸರಿಹೋಗುತ್ತದೆ. ಮೂರನೆಯ ಸಾಲು ಮಾತ್ರ ಹಾಗೆಯೇ ಇರಲಿ, ಅದನ್ನು ಮುಟ್ಟಬೇಡಿ. ದಂಗೆಯನ್ನು ಅಡಗಿಸು ಎನ್ನಲು ಇಂದು ಬಳಸುವ ‘ಕ್ವೆಲ್’ ಕೂಡ ಮೊದಲು ಕೊಲ್ಲು ಎಂದೇ ಇತ್ತು.

ಶಿರಸಿಯಿಂದ:
ಇದನ್ನು ಓದಿದಾಗ ನಮ್ಮ ‘ಕೆಡು’ ನೆನಪಾಯಿತು. ಹಳಗನ್ನಡದಲ್ಲಿ ‘ಕಿಡು’ ಎಂದರೆ ಅಳಿದುಹೋಗು, ‘ಕಿಡಿಸು’ ಎಂದರೆ ನಾಶಮಾಡು. ಇಂದು ನಾವು ಗಡಿಯಾರ ಕೆಟ್ಟಿತು, ಹಾಲು ಕೆಟ್ಟಿತು ಎನ್ನುತ್ತೇವೆ. ಅವರ ಮಾತು ಚೆಲ್ಲಿದ ಹಾಲಿಗೆ ಬಂದು ನಿಂತರೆ, ನಮ್ಮದು ಒಡೆದ ಹಾಲಿಗೆ ಬಂದು ನಿಂತಿತಲ್ಲ!

ಸಂಚಾಲಕರು:
ಇದು ನನಗೆ ಹೊಳೆದಿರಲಿಲ್ಲ, ಅಕ್ಕ. ನಿಮ್ಮ ಮಾತಿನಿಂದ ಈ ಸಮಸ್ಯೆಗೆ ಕನ್ನಡದ್ದೇ ಒಂದು ನೆಲೆ ದೊರೆಯಿತು.

ಇದೇ ಹುಡುಕಾಟದಲ್ಲಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಕವಿತೆಯೊಂದರ ವಿಷಯವನ್ನೂ ಹೇಳಬೇಕು. 1072ರಲ್ಲಿ ತೀರಿಕೊಂಡ ಬಿಷಪ್ ಲಿಯೊಫ್ರಿಕ್ ಇಂಗ್ಲೆಂಡಿನ ಎಕ್ಸೆಟರ್ ಕೆಥೆಡ್ರಲಿಗೆ ಕೊಟ್ಟ, 10ನೆಯ ಶತಮಾನದಲ್ಲಿ ಪ್ರತಿಮಾಡಿದ ಹಸ್ತಪ್ರತಿಯಲ್ಲಿ, ಪಾಳುಬಿದ್ದ ರೋಮನ್ ಪಟ್ಟಣವನ್ನು ಕುರಿತ ಹಳೆಯ ಇಂಗ್ಲಿಷ್ ಕವಿತೆಯೊಂದಿದೆ. ಅದರಲ್ಲಿ ಬಿಸಿನೀರಿನ ಸ್ನಾನಗೃಹಗಳ ವರ್ಣನೆ ಬರುವುದರಿಂದ, ಆ ಪಟ್ಟಣ ಇಂಗ್ಲೆಂಡಿನ ಬಾತ್ ಇರಬೇಕೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಕುಸಿದ ಗೋಡೆಗಳನ್ನು ಕವಿ ‘ದೈತ್ಯರ ಕೆಲಸ’ವೆಂದು ಕರೆದು, ಅವು ಪುಡಿಯಾಗುವುದಕ್ಕೆ ‘ಬ್ರೊಸ್ನಿಯನ್’ ಎಂಬ ಕ್ರಿಯಾಪದವನ್ನು ಬಳಸುತ್ತಾನೆ. ಆ ಕ್ರಿಯಾಪದ ಇಂದಿನ ಇಂಗ್ಲಿಷಿನಲ್ಲಿ ಬದುಕಿ ಉಳಿದಿಲ್ಲ. ಎಂದೋ ಬೆಂಕಿ ತಗುಲಿ ಹಸ್ತಪ್ರತಿಯ ಕೊನೆಯ ಹಾಳೆಗಳು ಸುಟ್ಟಿದ್ದರಿಂದ, ಕವಿತೆಯ ಸಾಲುಗಳೂ ನಡುನಡುವೆ ತುಂಡಾಗಿವೆ. ಮುದ್ರಿಸುವವರು ಅಲ್ಲೆಲ್ಲ ಬರಿಯ ಚುಕ್ಕಿಗಳನ್ನು ಇಡುತ್ತಾರೆ. ಗೋಡೆ ಬಿದ್ದುದನ್ನು ಹೇಳುವ ಸಾಲೇ ಬಿದ್ದುಹೋದ ಆ ಜಾಗಕ್ಕೆ ಬಂದಾಗಲೆಲ್ಲ ನಾನು ಓದುವುದನ್ನು ನಿಲ್ಲಿಸುತ್ತೇನೆ. ‘ಬೆಂಕಿ ಬಿದ್ದುದರಿಂದ ಕವಿತೆ ಹಿರಿದಾಯ್ತು’ ಎಂಬ ಸಾಲನ್ನು ನನಗೆ ನಾನೇ ಸಮಸ್ಯೆಯಾಗಿ ಕೊಟ್ಟುಕೊಂಡು ಹೀಗೆ ಪೂರೈಸಿದೆ.

ಅಂಕಣಗಳುರುಳಿರುವ ಪುರವ ಹಾಡುವ ಹಾಳೆ
ಸೋಂಕಿದುರಿಗೊಡಲ ನಡುವನು ತೆತ್ತ ಮೇಲೆ
ಶಂಕಿಸದೆ ತಾನಾಡಿದಳಿವ ತಾನೇ ತಳೆಯೆ
ಬೆಂಕಿ ಬಿದ್ದುದರಿಂದ ಕವಿತೆ ಹಿರಿದಾಯ್ತು

ತುಮಕೂರಿನಿಂದ:
‘ಅಂಕಣ’ ಬಹಳ ಚೆನ್ನಾಗಿ ಕೂತಿದೆ, ಸರ್, ಕಂಬ ಕಂಬಗಳ ನಡುವಣ ಆ ಬಯಲೇ ಕಣ್ಣಿಗೆ ಬರುತ್ತದೆ. ಆದರೆ ‘ಹಿರಿದಾಯ್ತು’ ಎಂಬುದನ್ನು ಒಪ್ಪಲು ನನಗೆ ಮನಸ್ಸು ಬರುತ್ತಿಲ್ಲ. ಸುಟ್ಟುಹೋದ ಸಾಲುಗಳಲ್ಲಿ ಏನಿತ್ತೋ ಎಂಬ ಸಂಕಟ ಆ ಮಾತಿನಲ್ಲಿ ಮುಚ್ಚಿಹೋಗುತ್ತದೆ.

ಸಂಚಾಲಕರು:
ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆ ಸಂಕಟವೇ ಉಳಿಯುವಂತೆ ಇದೇ ಸಾಲನ್ನು ನೀವು ಪೂರೈಸಿದರೆ ಓದಲು ಕಾದಿರುತ್ತೇನೆ.

ಉಳಿದವರಿಗೆ ಮುಂದಿನ ವಾರದ ಸಮಸ್ಯೆ ಇದು. ಇಂದು ಹಾವಳಿ ಎಂಬ ಅರ್ಥದಲ್ಲಿ ಬಳಸುವ ಇಂಗ್ಲಿಷಿನ ‘ಹ್ಯಾವಕ್’ ಎಂಬ ಮಾತು ಮೊದಲು ಸೈನಿಕರಿಗೆ ಕೊಳ್ಳೆಗೆ ಅನುಮತಿ ಕೊಡುವ ಕೂಗಾಗಿತ್ತು. ಆ ಕೂಗಿನಿಂದ ದಂಡಿನ ಶಿಸ್ತೇ ಒಡೆಯುತ್ತಿದ್ದುದರಿಂದ, 1385ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೊರಟಾಗ ಡರಮ್‌ನಲ್ಲಿ ಹೊರಡಿಸಿದ ಯುದ್ಧನಿಯಮಗಳಲ್ಲಿ, ಹಾಗೆ ಕೂಗಿದವನಿಗೆ ಶಿರಚ್ಛೇದವೆಂದು ವಿಧಿಸಲಾಯಿತು. ಪ್ರಾಸ, ಅಂದರೆ ಸಾಲಿನ ಎರಡನೆಯ ಅಕ್ಷರ, ಗಕಾರ.

ಕೂಗಿದೊಂದೇ ಪದವು ತಲೆಯ ಕಡಿದಿತ್ತು